ಭಟ್ಕಳದ ಇಂಗ್ಲಿಷ್ ಗೋರಿಗಳು: ಹ್ಯಾಮಿಲ್ಟನ್ನನ ಕಥೆಗೆ ಅವು ಸಾಕ್ಷಿಯೇ?

ಭಟ್ಕಳದ ಮೂರು ಇಂಗ್ಲಿಷ್ ಗೋರಿಗಳ ಹಿನ್ನೆಲೆಯ ಬಗ್ಗೆ ಹೆಚ್ಚು ತಕರಾರಿಲ್ಲ. ಒಂದನೆಯ ಚಾರ್ಲ್ಸ್ ದೊರೆಯಿಂದ 1635ರಲ್ಲಿ ಪರವಾನಗಿ ಪಡೆದ ವಿಲಿಯಂ ಕೋರ್ಟೀನನ ಸಂಘ ಜಾನ್ ವೆಡೆಲನ ನೇತೃತ್ವದಲ್ಲಿ ಹಡಗುಗಳನ್ನು ಕಳಿಸಿ ಭಟ್ಕಳದಲ್ಲಿ ಕೋಠಿ (ವ್ಯಾಪಾರದ ನೆಲೆ) ತೆರೆಯಿತು. ಭಟ್ಕಳ ಆಗ ಕೆಳದಿಯ ವೀರಭದ್ರ ನಾಯಕನ ಆಳ್ವಿಕೆಯಲ್ಲಿತ್ತು. ಬಂದವರಿಗೆ ಬೇಕಿದ್ದುದು ಕಾಳುಮೆಣಸು. ಗೋರಿಗಳ ಬರಹವನ್ನು ವಿಕ್ಟೋರಿಯಾ ಕಾಲದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟ (1883) ದಾಖಲಿಸಿದೆ.

ತಕರಾರು ಹುಟ್ಟುವುದು ಅಲೆಕ್ಸಾಂಡರ್ ಹ್ಯಾಮಿಲ್ಟನ್ 1727ರಲ್ಲಿ ಅಚ್ಚು ಹಾಕಿಸಿದ ಪ್ರವಾಸಗ್ರಂಥದಿಂದ. 1670ರಲ್ಲಿ ಇಲ್ಲಿನ ಇಂಗ್ಲಿಷ್ ಕೋಠಿಯವರ ಬುಲ್‌ಡಾಗ್ ನಾಯಿ ದೇವಸ್ಥಾನಕ್ಕೆ ಬಿಟ್ಟ ಹಸುವನ್ನು ಕೊಂದಿತು. ಸಿಟ್ಟಿಗೆದ್ದ ಜನ ಜಾನ್ ಬೆಸ್ಟ್ ಮತ್ತು ಹದಿನೇಳು ಇಂಗ್ಲಿಷರನ್ನು ಕೊಂದರು. ಅವರನ್ನು ಒಂದೇ ಗುಂಡಿಯಲ್ಲಿ ಹೂಳಲಾಯಿತು. ಕಾರವಾರದ ಕೋಠಿಯ ಮುಖ್ಯಸ್ಥ ಅದರ ಮೇಲಿಡಲು ಕಲ್ಲು ಕಳಿಸಿದ. ಇದು ಹ್ಯಾಮಿಲ್ಟನ್ನನ ಕಥೆ.

ಗೋರಿಗಳನ್ನು ಈ ಕಥೆಗೆ ಜೋಡಿಸುವುದು ಸುಲಭ, ಆದರೆ ಬರಹ ಅದಕ್ಕೆ ಒಪ್ಪುವುದಿಲ್ಲ. ವರ್ತಕ ಜಾರ್ಜ್ ವೈ ತೀರಿಕೊಂಡದ್ದು 1637ರ ಮಾರ್ಚ್ 31ರಂದು. ವರ್ತಕ ಆಂಟನ್ ವರ್ನ್‌ವರ್ದಿ ಏಪ್ರಿಲ್ 1ರಂದು. ಶಸ್ತ್ರವೈದ್ಯ ವಿಲಿಯಂ ಬಾರ್ಟನ್ 1638ರ ನವೆಂಬರ್ 30ರಂದು. ಅಂದಿನ ಇಂಗ್ಲಿಷ್ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಮೊದಲ ಎರಡು ತಾರೀಕುಗಳು ಅದರಾಚೆಗೆ ಬೀಳುವುದರಿಂದ ಇಸವಿ ತಿದ್ದುವ ಪ್ರಶ್ನೆಯೇ ಇಲ್ಲ. ಅಂದರೆ ಈ ಕಲ್ಲುಗಳು 1670ಕ್ಕಿಂತ ಮೂರು ದಶಕ ಹಿಂದಿನವು. ಪ್ರತಿ ಕಲ್ಲೂ ಒಬ್ಬನದೇ. ಹತ್ಯೆಯ ಮಾತು ಯಾವುದರಲ್ಲೂ ಇಲ್ಲ. ವೈ, ವರ್ನ್‌ವರ್ದಿ ಒಂದು ದಿನದ ಅಂತರದಲ್ಲಿ ಸತ್ತದ್ದು ರೋಗದ ಕಡೆಗೆ ಬೊಟ್ಟು ಮಾಡಬಹುದು. ಅದನ್ನೂ ಬರಹ ಹೇಳುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದಿಡಬಹುದೆಂದು ತೋರುತ್ತದೆ: ಭಟ್ಕಳದಲ್ಲಿ ಇಂಗ್ಲಿಷ್ ಗೋರಿಗಳು ಮೊದಲೇ ಇದ್ದುದರಿಂದಲೇ ಹತ್ಯೆಯ ಕಥೆಗೆ ಇಲ್ಲಿ ನೆಲೆ ಸಿಕ್ಕಿರಬಹುದು. ಇದು ಊಹೆ ಮಾತ್ರ. ಹ್ಯಾಮಿಲ್ಟನ್ ಪೂರ್ವದೇಶಗಳಿಗೆ ಬಂದದ್ದೇ 1688ರಲ್ಲಿ. ಹಾಗಾಗಿ ಅವನು ಬರೆದದ್ದು ಕೇಳಿದ ಮಾತು. ಆದರೂ ಅವನು ಹೆಸರು, ಸಂಖ್ಯೆ, ಶಿಲಾಲೇಖದ ಮಾತು ಎಲ್ಲವನ್ನೂ ಕೊಡುತ್ತಾನೆ. ಬರೀ ಗಾಳಿಮಾತಿಗೆ ಇಷ್ಟು ವಿವರ ಅಪರೂಪ. ಬೆಸ್ಟನ ಕಲ್ಲು ಈ ಮೂರರಲ್ಲಿ ಇಲ್ಲವೆಂಬುದು ಘಟನೆಯೇ ನಡೆದಿಲ್ಲವೆನ್ನಲು ಆಧಾರವಾಗದು. ಕರಾವಳಿಯಲ್ಲಿ ಹಳೆಯ ಕಲ್ಲು ಹೊಸ ಗೋಡೆ ಸೇರುವುದು ಹೊಸತಲ್ಲ.

1670ರ ಆಸುಪಾಸಿನ ಕಾರವಾರ ಕೋಠಿಯ ಪತ್ರಗಳಲ್ಲಿ ಬೆಸ್ಟನ ಹೆಸರನ್ನು ಹುಡುಕದೆ ಈ ಪ್ರಶ್ನೆ ಇತ್ಯರ್ಥವಾಗದು. ಅಲ್ಲಿಯವರೆಗೆ ಈ ಮೂರು ಗೋರಿಗಳನ್ನು ಕೋರ್ಟೀನನ ಕೋಠಿಯ ಮೊದಲ ಎರಡು ವರ್ಷಗಳ ಸಾಕ್ಷಿಯೆಂದಷ್ಟೇ ಓದಬೇಕು.