ಐವತ್ತು ದಾಟಿದರೆ ಪರಂಪರೆ, ಇಪ್ಪತ್ತು ದಾಟಿದರೆ ಗುಜರಿ: ಹಳೆ ಗಾಡಿಗಳ ಹೊಗೆ ಮತ್ತು ವಿನಾಯಿತಿಯ ಲೆಕ್ಕ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಈ ವಿಷಯದಲ್ಲಿ ನಾನು ಪೂರ್ತಿ ತಟಸ್ಥ ಅಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪನ 1979ರ ಯೆಜ್ಡಿ ಇದೆ. ಕಿಕ್ ಹೊಡೆದರೆ ಇವತ್ತಿಗೂ ಸ್ಟಾರ್ಟ್ ಆಗುತ್ತೆ, ಜೊತೆಗೆ ಇಡೀ ಓಣಿಗೆ ನೀಲಿ ಹೊಗೆಯನ್ನೂ ಹಂಚುತ್ತೆ. ಎದುರು ಮನೆಯ ಅಜ್ಜಿ ಕಿಟಕಿ ಮುಚ್ಚುವ ಸದ್ದು ನಮಗೆ ಚೆನ್ನಾಗಿ ಪರಿಚಯ.

ಹಳೆ ಗಾಡಿಗಳಿಗೆ ಹೊಗೆ ತಪಾಸಣೆಯಲ್ಲಿ ರಿಯಾಯಿತಿ ಕೊಡಬೇಕಾ, ಕೊಟ್ಟರೆ ಯಾರಿಗೆ, ಎಷ್ಟು ಅನ್ನೋ ಪ್ರಶ್ನೆ ಬಂದಾಗಲೆಲ್ಲ ಎರಡು ಗುಂಪು ಎದ್ದು ನಿಲ್ಲುತ್ತವೆ. ಒಬ್ಬರು ‘ಇದು ಪರಂಪರೆ, ಮುಟ್ಟಬೇಡಿ’ ಅಂತಾರೆ. ಇನ್ನೊಬ್ಬರು ‘ವಿಷ ಉಗುಳುವ ತಗಡು, ಗುಜರಿಗೆ ಹಾಕಿ’ ಅಂತಾರೆ. ಕಾನೂನು ಏನು ಹೇಳುತ್ತೆ ಅಂತ ಇಬ್ಬರೂ ಓದಿರೋದು ಕಮ್ಮಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ವಿನಾಯಿತಿ ಇದೆಯಾ, ಇಲ್ವಾ?

ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮ ಹೊಗೆಗೆ ಸಂಬಂಧಿಸಿದ್ದು. ಗಾಡಿ ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಮಾಲಿನ್ಯ ಪ್ರಮಾಣಪತ್ರ, ಅಂದ್ರೆ ನಾವೆಲ್ಲ ‘ಎಮಿಷನ್ ಸರ್ಟಿಫಿಕೇಟ್’ ಅನ್ನೋ ಚೀಟಿ, ಇಟ್ಟುಕೊಳ್ಳಲೇಬೇಕು. ಹಳೆ ಗಾಡಿಗಳಿಗೆ ಅದು ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ನಂತರದವುಗಳಿಗೆ ವರ್ಷಕ್ಕೊಮ್ಮೆ. ಈ ನಿಯಮದ ಮೊದಲ ಸಾಲಿನಲ್ಲೇ ಒಂದು ಸಣ್ಣ ವಿನಾಯಿತಿ ಕೂತಿದೆ: 1990ರ ಮಾರ್ಚ್ 1ಕ್ಕೂ ಮೊದಲು ತಯಾರಾದ, 70 ಸಿಸಿ ಮೀರದ ಮೋಟಾರ್ ಸೈಕಲ್‌ಗಳಿಗೆ ಇದು ಅನ್ವಯಿಸಲ್ಲ. ಲೂನಾದಂಥ ಪುಟ್ಟ ಮೊಪೆಡ್‌ಗಳಿಗೆ ಸಿಕ್ಕ ಬಿಡುಗಡೆ ಅದು. 250 ಸಿಸಿಯ ನಮ್ಮ ಯೆಜ್ಡಿಗೆ ಆ ಭಾಗ್ಯ ಇಲ್ಲ.

ಅಂದ್ರೆ ನಮ್ಮಲ್ಲಿ ವಯಸ್ಸಾಯ್ತು ಅಂತ ಟೆಸ್ಟನ್ನೇ ಬಿಡೋ ಪದ್ಧತಿ ಹೆಚ್ಚುಕಮ್ಮಿ ಇಲ್ಲ. ಇರೋದು ಬೇರೆ ಥರದ ರಿಯಾಯಿತಿ: ಪಾಸಾಗುವ ಅಂಕವನ್ನೇ ಇಳಿಸೋದು. ಬಿಎಸ್-2ಕ್ಕೂ ಹಿಂದಿನ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಶೇ 3ರಷ್ಟು ಕಾರ್ಬನ್ ಮೊನಾಕ್ಸೈಡ್, 1,500 ಪಿಪಿಎಂ ಹೈಡ್ರೋಕಾರ್ಬನ್ ಇದ್ದರೂ ಪಾಸು. ಬಿಎಸ್-4 ಕಾರಿಗೆ ಮಿತಿ ಶೇ 0.3 ಮತ್ತು 200 ಪಿಪಿಎಂ. ಒಂದರಲ್ಲಿ ಹತ್ತು ಪಟ್ಟು, ಇನ್ನೊಂದರಲ್ಲಿ ಏಳೂವರೆ ಪಟ್ಟು ಸಡಿಲ. 2000ನೇ ಇಸವಿಗೂ ಹಿಂದಿನ ದ್ವಿಚಕ್ರ ವಾಹನಗಳಿಗಂತೂ ಶೇ 4.5 ಮತ್ತು 9,000 ಪಿಪಿಎಂವರೆಗೆ ಅವಕಾಶ.

ಇದು ಸರ್ಕಾರದ ಔದಾರ್ಯ ಅಂದುಕೊಳ್ಳಬೇಡಿ. ಆ ಗಾಡಿಗಳಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸೋಕೆ ಆಗಲ್ಲ, ಅಷ್ಟೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಪೆಟ್ರೋಲು-ಗಾಳಿಯನ್ನು ಬೆರೆಸುತ್ತಿದ್ದದ್ದು ಕಾರ್ಬ್ಯುರೇಟರ್. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯ ಆದದ್ದೇ 1995ರಲ್ಲಿ. ಸೀಸ ಬೆರೆತ ಪೆಟ್ರೋಲು ದೇಶದಿಂದ ಪೂರ್ತಿ ಹೋಗಿದ್ದು 2000ದಲ್ಲಿ. ಸೀಸ ಇದ್ದರೆ ಆ ಕನ್ವರ್ಟರ್ ಕೆಟ್ಟೇ ಹೋಗುತ್ತೆ, ಹಾಗಾಗಿ ಅದಕ್ಕೂ ಮುಂಚೆ ಹಾಕಿ ಪ್ರಯೋಜನವೂ ಇರಲಿಲ್ಲ.

ಇನ್ನು ಟೂ-ಸ್ಟ್ರೋಕ್ ಕಥೆಯೇ ಬೇರೆ. ಅದರಲ್ಲಿ ಪಿಸ್ಟನ್ ಕೆಳಗಿಳಿದಾಗ ಹೊಸ ಮಿಶ್ರಣ ಒಳಗೆ ಬರುವ ಬಾಗಿಲು, ಸುಟ್ಟ ಹೊಗೆ ಆಚೆ ಹೋಗುವ ಬಾಗಿಲು ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಆಗ ಸುಡದ ಪೆಟ್ರೋಲಿನ ಒಂದು ಪಾಲು ಹಾಗೇ ಸೈಲೆನ್ಸರ್‌ನಿಂದ ಹೊರಬೀಳುತ್ತೆ. ಜೊತೆಗೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಕೂಡ ಸುಡುತ್ತೆ. ನೀಲಿ ಬಣ್ಣ ಅದರದ್ದು. ಎಷ್ಟೇ ಟ್ಯೂನಿಂಗ್ ಮಾಡಿಸಿ, ಇದು ಕಮ್ಮಿಯಾಗಬಹುದು, ಹೋಗಲ್ಲ.

ಟೆಸ್ಟಿನ ಬಗ್ಗೆಯೂ ಒಂದು ವಿಷಯ ಗೊತ್ತಿರಲಿ. ಪೆಟ್ರೋಲ್ ಗಾಡಿ ನಿಂತಲ್ಲೇ ಐಡಲ್‌ನಲ್ಲಿ ಓಡುವಾಗ ಮೇಲಿನ ಎರಡು ಅನಿಲ ಅಳೀತಾರೆ, ಡೀಸೆಲ್‌ಗೆ ಹೊಗೆಯ ದಟ್ಟಣೆ ಅಳೀತಾರೆ. ನಮ್ಮ ಶ್ವಾಸಕೋಶಕ್ಕೆ ಇಳಿಯುವ ಪಿಎಂ 2.5 ಆಗಲಿ, ನೈಟ್ರೋಜನ್ ಆಕ್ಸೈಡ್ ಆಗಲಿ ಈ ಚೀಟಿಯಲ್ಲಿ ಕಾಣಿಸೋದೇ ಇಲ್ಲ. ನಾನು ಒಮ್ಮೆ ಯೆಜ್ಡಿ ತಗೊಂಡು ಹೋದಾಗ ಪೈಪನ್ನು ಸೈಲೆನ್ಸರ್ ಬಾಯಿಗೆ ತೋರಿಸಿದರು, ಒಳಗೆ ತೂರಿಸಲಿಲ್ಲ. ಎರಡು ನಿಮಿಷದಲ್ಲಿ ಪಾಸು! ಆ ದಿನ ಖುಷಿಯಾಗಿತ್ತು ಅಂತ ಒಪ್ಪಿಕೊಳ್ತೀನಿ.

‘ವಿಎ’ ಅನ್ನೋ ಎರಡಕ್ಷರ

2021ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಅದೇ ನಿಯಮಗಳಿಗೆ ವಿಂಟೇಜ್ ವಾಹನಗಳ ಅಧ್ಯಾಯ ಸೇರಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಮಾರ್ಪಾಡಾಗದೆ ಮೂಲರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ಈ ಮಾನ್ಯತೆ. ಹೊಸದಾಗಿ ನೋಂದಣಿಯಾದರೆ ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತೆ. ಹಳೆ ನಂಬರ್ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲಿನ ಮರುನೋಂದಣಿಗೆ 5,000.

ಇದಕ್ಕೆ ಒಂದು ಷರತ್ತು ಉಂಟು. ವಿಂಟೇಜ್ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಅಧ್ಯಯನ, ರ‍್ಯಾಲಿ, ಪೆಟ್ರೋಲು ಹಾಕಿಸೋದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ತಾತ್ವಿಕವಾಗಿ ಇದು ನನಗೆ ಒಪ್ಪಿಗೆ. ವರ್ಷಕ್ಕೆ ನಾಲ್ಕು ಭಾನುವಾರ ಹೊರಬರುವ ಗಾಡಿಯ ಹೊಗೆಗೂ ದಿನಕ್ಕೆ ನಲವತ್ತು ಕಿಲೋಮೀಟರ್ ಓಡುವ ಗಾಡಿಯ ಹೊಗೆಗೂ ಒಂದೇ ತಕ್ಕಡಿ ಹಿಡಿಯೋದು ದಡ್ಡತನ.

ಆದರೆ ಇದನ್ನು ಪಕ್ಕದ ನಿಯಮದ ಜೊತೆ ಇಟ್ಟು ನೋಡಿ. ಸಾಮಾನ್ಯ ಗಾಡಿಗಳ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ, ಬೈಕ್‌ಗಳಿಗೆ 2,000ಕ್ಕೆ ಏರಿಸಿದರು. ಲೆಕ್ಕ ಹಾಕಿ. 2004ರ ಮಾರುತಿ 800 ಇಟ್ಟುಕೊಂಡಿರುವ ಮೆಕ್ಯಾನಿಕ್ ಐದು ವರ್ಷಕ್ಕೆ 10,000 ಕಟ್ಟುತ್ತಾನೆ. ಶೆಡ್‌ನಲ್ಲಿ 1950ರ ಷೆವರ್ಲೆ ಇಟ್ಟಿರುವವರು ಹತ್ತು ವರ್ಷಕ್ಕೆ 20,000. ವರ್ಷಕ್ಕೆ ಇಬ್ಬರಿಗೂ ಎರಡೆರಡು ಸಾವಿರ! ಆ ಮಾರುತಿ 800ರ ಬೆಲೆ ಎಷ್ಟು, ಈ ಷೆವರ್ಲೆಯ ಬೆಲೆ ಎಷ್ಟು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಮಾರುತಿಗೆ ನಿತ್ಯ ಓಡಾಡುವ ಹಕ್ಕಿದೆಯಲ್ಲ ಅನ್ನಬಹುದು, ನಿಜ. ಆದರೆ ಮುಂದಿನ ಸುತ್ತಿನಲ್ಲಿ ಷೆವರ್ಲೆಯವರ ಚೀಟಿ 5,000ಕ್ಕೆ ಇಳಿದಿರುತ್ತೆ, ಮಾರುತಿಯವನದ್ದು ಇಳಿಯಲ್ಲ.

ಇನ್ನೂ ಒಂದು ಪದವನ್ನು ಗಮನಿಸಿ: ‘ದ್ವಿಚಕ್ರ ಮತ್ತು ನಾಲ್ಕು ಚಕ್ರ’. ಮೂರು ಚಕ್ರ ಎಲ್ಲಿ ಹೋಯ್ತು? ಬೆಂಗಳೂರಿನ ಒಂದಿಡೀ ಕಾಲವನ್ನು ಹೊತ್ತು ತಿರುಗಿದ ಟೂ-ಸ್ಟ್ರೋಕ್ ಆಟೋಗೆ ನೂರು ವರ್ಷ ತುಂಬಿದರೂ ಈ ನಿಯಮದಡಿ ಅದು ಪರಂಪರೆ ಆಗಲಾರದು. ಆ ಆಟೋಗಳನ್ನು ಹೊಗೆಯ ಕಾರಣ ಕೊಟ್ಟೇ ರಸ್ತೆಯಿಂದ ಇಳಿಸಿದ್ದು, ಅದು ಸರಿಯೂ ಹೌದು. ನಗರದೊಳಗೆ ಇಡೀ ದಿನ ಓಡುತ್ತಿದ್ದವು. ಆದರೆ ಅದೇ ಟೂ-ಸ್ಟ್ರೋಕ್ ತಂತ್ರಜ್ಞಾನದ ಜಾವಾ-ಯೆಜ್ಡಿಗಳು ಪ್ರತಿ ಜುಲೈನ ಎರಡನೇ ಭಾನುವಾರ ಬೆಂಗಳೂರಿನಲ್ಲಿ ನೂರಾರು ಸಂಖ್ಯೆಯಲ್ಲಿ ಸೇರುತ್ತವೆ. ಅವುಗಳನ್ನು ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ದ್ವಿಚಕ್ರಗಳ ಹೊಗೆ ಮಿತಿ ಬಿಗಿಯಾದ ವರ್ಷವೂ ಅದೇ. ಆ ಭಾನುವಾರ ನಾನೂ ಹೋಗಿದ್ದೀನಿ, ಆ ಸದ್ದಿಗೆ ರೋಮಾಂಚನವೂ ಆಗಿದೆ. ಒಂದೇ ಹೊಗೆ, ಒಬ್ಬರದ್ದು ನೆನಪು, ಇನ್ನೊಬ್ಬರದ್ದು ಅಪರಾಧ.

ದಿಲ್ಲಿಯ ಪಾಠ

ವಯಸ್ಸನ್ನೇ ಅಳತೆಗೋಲು ಮಾಡಿಕೊಂಡರೆ ಏನಾಗುತ್ತೆ ಅಂತ ನೋಡೋಕೆ ದಿಲ್ಲಿ ಇದೆ. 2014ರ ನವೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 15 ವರ್ಷ ದಾಟಿದ ಗಾಡಿಗಳನ್ನು ಅಲ್ಲಿನ ರಸ್ತೆಯಿಂದ ನಿಷೇಧಿಸಿತು. 2015ರಲ್ಲಿ ಡೀಸೆಲ್‌ಗೆ ಹತ್ತೇ ವರ್ಷ ಅಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮುದ್ರೆ ಒತ್ತಿತು. 2025ರ ಜುಲೈ 1ರಿಂದ ಬಂಕ್‌ಗಳಲ್ಲಿ ಕ್ಯಾಮೆರಾ ಇಟ್ಟು ಇಂಥ ಗಾಡಿಗಳಿಗೆ ಪೆಟ್ರೋಲು-ಡೀಸೆಲ್ ಕೊಡದಂತೆ ಮಾಡಿದರು. ಜನ ರೊಚ್ಚಿಗೆದ್ದರು, ಮೂರನೇ ದಿನಕ್ಕೇ ದಿಲ್ಲಿ ಸರ್ಕಾರ ತಡೆಯಿರಿ ಅಂತ ಪತ್ರ ಬರೆಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿನ ಒಂದೇ ಕಾರಣಕ್ಕೆ ಬಲವಂತದ ಕ್ರಮ ಬೇಡ ಅಂದಿತು. ಡಿಸೆಂಬರ್‌ನಲ್ಲಿ ಗಾಳಿ ಮತ್ತೆ ಕೆಟ್ಟಾಗ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ಗಾಡಿಗಳಿಗಷ್ಟೇ ಸೀಮಿತಗೊಳಿಸಿತು.

ಈ ಕೊನೆಯ ತಿದ್ದುಪಡಿ ನನಗೆ ಮುಖ್ಯ ಅನ್ಸುತ್ತೆ. ಹುಟ್ಟಿದ ದಿನಾಂಕಕ್ಕಿಂತ ಒಳಗಿನ ಯಂತ್ರ ಯಾವ ಮಾನದಂಡದ್ದು ಅನ್ನೋದೇ ಪ್ರಶ್ನೆ ಆಯ್ತು. ಬೆಂಗಳೂರು, ದಿಲ್ಲಿಯಂಥ ನಗರಗಳಿಗೆ ಬಿಎಸ್-4 ಬಂದದ್ದು 2010ರಲ್ಲಿ, ದೇಶದ ಉಳಿದ ಕಡೆ 2017ರಲ್ಲಿ. ಒಂದೇ ವರ್ಷ ಕೊಂಡ ಎರಡು ಕಾರು ಬೇರೆ ಬೇರೆ ಮಾನದಂಡದವು ಇರಬಹುದು. ಆರ್‌ಸಿಯ ತಾರೀಖು ನೋಡಿ ತೀರ್ಪು ಕೊಟ್ಟರೆ ಇದು ಹೇಗೆ ಗೊತ್ತಾಗುತ್ತೆ?

ಜೇ ಲೆನೊ ಕಾರಿಗೂ ಟೆಸ್ಟ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ಜಗಳ ಬಹಳ ಹಳೆಯದು. ಅಲ್ಲಿ ಒಂದು ಕಾಲಕ್ಕೆ 30 ವರ್ಷ ದಾಟಿದ ಕಾರು ತಾನಾಗೇ ತಪಾಸಣೆಯಿಂದ ಹೊರಗೆ ಅನ್ನೋ ಉರುಳುವ ವಿನಾಯಿತಿ ಇತ್ತು. ವರ್ಷ ವರ್ಷ ಹೊಸ ಕಾರುಗಳು ಅದರೊಳಗೆ ಸೇರುತ್ತಾ ಹೋದವು. ಅಪಾಯ ಕಂಡು 2004ರಲ್ಲಿ ಕಾನೂನು ಮಾಡಿ ಗಡಿಯನ್ನು ಅಲ್ಲಿಗೇ ನಿಲ್ಲಿಸಿದರು: 1975 ಮತ್ತು ಹಿಂದಿನ ಪೆಟ್ರೋಲ್ ಕಾರುಗಳಿಗೆ ವಿನಾಯಿತಿ, 1976ರಿಂದ ಈಚೆಗಿನವುಗಳಿಗೆ ಎಂದೆಂದಿಗೂ ಟೆಸ್ಟ್.

ಇದನ್ನು ಸಡಿಲಿಸಲು 2025ರಲ್ಲಿ ಒಂದು ಮಸೂದೆ ಬಂತು. ಟಿವಿ ನಿರೂಪಕ, ಕಾರು ಸಂಗ್ರಾಹಕ ಜೇ ಲೆನೊ ಬೆಂಬಲಕ್ಕೆ ನಿಂತಿದ್ದರಿಂದ ಅದಕ್ಕೆ ‘ಲೆನೊ ಕಾನೂನು’ ಅಂತಲೇ ಹೆಸರು ಬಿತ್ತು. 35 ವರ್ಷ ದಾಟಿದ, ಸಂಗ್ರಾಹಕರ ವಿಮೆ ಇರುವ ಕಾರುಗಳನ್ನು ಬಿಡಿ ಅನ್ನೋದು ಬೇಡಿಕೆ. ಸೆನೆಟ್ ದಾಟಿದ ಮಸೂದೆ ಆಗಸ್ಟ್ ಕೊನೆಯಲ್ಲಿ ಕೆಳಮನೆಯ ಹಣಕಾಸು ಸಮಿತಿಯಲ್ಲಿ ಸತ್ತಿತು. ಸ್ವಾರಸ್ಯ ಏನಂದ್ರೆ, ಅಂಥ ಕಾರುಗಳಿಗೆ ಅಲ್ಲಿ ಆಗಲೇ ಒಂದು ಮಧ್ಯಮಾರ್ಗ ಇದೆ. ಸಂಗ್ರಾಹಕರ ವಿಮೆ ತೋರಿಸಿದರೆ ಒಳಗಿನ ಮೂಲ ಉಪಕರಣಗಳೆಲ್ಲ ಇದ್ದಾವಾ ಅಂತ ತಡಕಾಡಲ್ಲ. ಆದರೆ ಸೈಲೆನ್ಸರ್‌ನಿಂದ ಬರುವ ಹೊಗೆ ಆ ವರ್ಷದ ಮಾಡೆಲ್‌ನ ಮಿತಿಯೊಳಗೇ ಇರಬೇಕು, ಇಂಧನ ಸೋರಬಾರದು.

ಬ್ರಿಟನ್ ಇದಕ್ಕಿಂತ ಉದಾರಿ. 40 ವರ್ಷ ದಾಟಿ, ದೊಡ್ಡ ಮಾರ್ಪಾಡು ಆಗದ ಕಾರಿಗೆ 2018ರಿಂದ ವಾರ್ಷಿಕ ತಪಾಸಣೆಯೇ ಇಲ್ಲ. ಜರ್ಮನಿಯಲ್ಲಿ 30 ವರ್ಷ ದಾಟಿದರೆ ತಜ್ಞರು ಪರೀಕ್ಷಿಸಿ ‘ಎಚ್’ ಪ್ಲೇಟ್ ಕೊಡ್ತಾರೆ, ಮಾಲಿನ್ಯ ನಿರ್ಬಂಧಿತ ವಲಯಕ್ಕೂ ಹೋಗಬಹುದು.

ನನ್ನ ಆಯ್ಕೆ ಕ್ಯಾಲಿಫೋರ್ನಿಯಾದ ಮಧ್ಯಮಾರ್ಗ. ಕಾರು ಹಳೆಯದು, ಅದರ ಕಾಲದ ಮಿತಿ ಕೊಡಿ, ಆದರೆ ಅಳತೆ ಮಾತ್ರ ಪ್ರಾಮಾಣಿಕವಾಗಿ ಮಾಡಿ. ಓಡಿದ ಕಿಲೋಮೀಟರ್ ಓಡೊಮೀಟರ್‌ನಲ್ಲಿ ಬರೆದಿರುತ್ತೆ, ಆರು ತಿಂಗಳಿಗೊಮ್ಮೆ ಎಮಿಷನ್ ಸೆಂಟರಿನವರು ಅದನ್ನೂ ದಾಖಲಿಸಿದರೆ ಯಾರು ಸಂಗ್ರಾಹಕ, ಯಾರು ನಿತ್ಯ ಓಡಿಸುವವ ಅಂತ ತಾನೇ ಗೊತ್ತಾಗುತ್ತೆ. ಕಡಿಮೆ ಓಡಿಸುವವನಿಗೆ ರಿಯಾಯಿತಿ ಕೊಡಿ, ಅವನ ಗಾಡಿಗೆ 25 ವರ್ಷ ಆಗಿದ್ದರೂ, 55 ಆಗಿದ್ದರೂ. ನಿತ್ಯ ಓಡಿಸಲೇಬೇಕಾದ ಬಡವನಿಗೆ ದುಪ್ಪಟ್ಟು ಶುಲ್ಕದ ಬದಲು, ಗಾಡಿ ಬದಲಿಸೋಕೆ ಕೈಗೆ ದುಡ್ಡು ಕೊಡಿ. ಅವನು ಹಳೆ ಗಾಡಿ ಓಡಿಸ್ತಿರೋದು ಶೋಕಿಗಲ್ಲ.

ನಮ್ಮ ಯೆಜ್ಡಿಗೆ 50 ತುಂಬೋದು 2029ರಲ್ಲಿ. ಅಲ್ಲಿಯವರೆಗೆ ಅದು ಕೇವಲ ಹಳೆ ಬೈಕು, ಐದು ವರ್ಷದ ನವೀಕರಣಕ್ಕೆ 2,000. ಆಮೇಲೆ ಬೇಕಿದ್ದರೆ ಅರ್ಜಿ ಹಾಕಿ ವಿಂಟೇಜ್ ಮಾಡಿಸಬಹುದು. ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಹಂಗಾದ್ರೆ ದೇವರಾಜ ಮಾರ್ಕೆಟ್‌ಗೆ ತಗೊಂಡು ಹೋಗಂಗಿಲ್ವಾ?’ ಅಂದರು. ಇಲ್ಲ ಅಂದೆ. ‘ಮತ್ಯಾಕದು’ ಅಂತ ಪೇಪರ್ ಬಿಡಿಸಿಕೊಂಡರು.