ಹಾಯಿಯ ಪಂದ್ಯವೂ ಅಂಬಿಗನ ನಾವೆಯೂ

ಕಳೆದ ವರ್ಷ ಘೋಡಗೇರಿಯಲ್ಲಿ ನೆರೆದ ಒಂದು ಚಿಕ್ಕ ವಿದ್ವದ್ಗೋಷ್ಠಿಯಲ್ಲಿ ಮಿತ್ರರೊಬ್ಬರು, ಪರ್ವತಪ್ರದೇಶದ ಸರೋವರಗಳಲ್ಲಿ ಇಂದು ನಡೆಯುವ ಹಾಯಿದೋಣಿಯ ಪಂದ್ಯಗಳು ನಮ್ಮ ಪೂರ್ವಿಕರ ಜಲಕ್ರೀಡೆಯ ರೂಪಾಂತರಗಳೇ ಎಂದೂ, ಇದಕ್ಕೆ ಸಂಸ್ಕೃತಗ್ರಂಥಗಳಲ್ಲಿ ಬೇಕಾದಷ್ಟು ಪ್ರಮಾಣಗಳಿವೆಯೆಂದೂ ಪ್ರತಿಪಾದಿಸಿದರು. ಸಭೆಯು ಕರತಾಡನದಿಂದ ಅದನ್ನು ಒಪ್ಪಿತು. ಆ ಕರತಾಡನದಲ್ಲಿ ನನ್ನ ಕೈಗಳೂ ಸೇರಿದ್ದವು. ಮನೆಗೆ ಬಂದು ಗ್ರಂಥಗಳನ್ನು ತೆರೆದು ನೋಡಲಾಗಿ, ಒಪ್ಪಿದ್ದು ತಪ್ಪೆಂದು ಕಂಡುಬಂದಿತು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ಲೇಖನವು.

ಮೊದಲು ಕೋಶವನ್ನು ನೋಡೋಣ. ಅಮರಸಿಂಹನು ವಾರಿವರ್ಗದಲ್ಲಿ ನೌಕೆಗೆ ಸಂಬಂಧಪಟ್ಟ ಶಬ್ದಗಳನ್ನು ಒಟ್ಟುಗೂಡಿಸಿದ್ದಾನೆ. ನೌ, ತರಣಿ, ತರಿ ಎಂಬ ದೋಣಿಯ ಹೆಸರುಗಳೂ, ಉಡುಪ, ಪ್ಲವ, ಕೋಲ ಎಂಬ ತೆಪ್ಪದ ಹೆಸರುಗಳೂ ಅಲ್ಲಿವೆ. ಚುಕ್ಕಾಣಿ ಹಿಡಿಯುವ ಕರ್ಣಧಾರನಿದ್ದಾನೆ; ಹುಟ್ಟಿಗೆ ಕ್ಷೇಪಣಿಯೆಂದೂ, ಚುಕ್ಕಾಣಿಗೆ ಅರಿತ್ರವೆಂದೂ, ಕಂಬಕ್ಕೆ ಕೂಪಕ ಅಥವಾ ಗುಣವೃಕ್ಷಕವೆಂದೂ ಹೆಸರು. ನೀರನ್ನು ತೋಡಿ ಚೆಲ್ಲುವ ಪಾತ್ರೆಯನ್ನೂ ಕೋಶಕಾರನು ಮರೆತಿಲ್ಲ. ಹೊಳೆ ದಾಟಿಸಿದ್ದಕ್ಕೆ ಕೊಡುವ ಕೂಲಿಗೆ ಆತರ, ತರಪಣ್ಯ ಎಂಬ ಎರಡು ಶಬ್ದಗಳನ್ನೇ ಕೊಟ್ಟಿದ್ದಾನೆ. ಪಂದ್ಯಕ್ಕೆ ಸಂಬಂಧಿಸಿದ ಶಬ್ದವು ಮಾತ್ರ ಆ ಪ್ರಕರಣದಲ್ಲಿ ಒಂದೂ ಇಲ್ಲ. ದಾಟುವವನೂ ದಾಟಿಸುವವನೂ ವ್ಯಾಪಾರಿಯೂ ಅಲ್ಲಿರುವರು, ಸ್ಪರ್ಧಾಳುವು ಇಲ್ಲ.

ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವು ನೌಕೆಗಳನ್ನು ಸಾಮಾನ್ಯ, ವಿಶೇಷ ಎಂದು ವಿಂಗಡಿಸಿ, ಸಾಮಾನ್ಯದಲ್ಲಿ ಕ್ಷುದ್ರಾ, ಮಧ್ಯಮಾ, ಭೀಮಾ ಮೊದಲಾದ ಹತ್ತು ಭೇದಗಳನ್ನು ಹೇಳುತ್ತದೆ. ಕ್ಷುದ್ರೆಯ ಉದ್ದ 16 ಮೊಳ, ಅಗಲ 4, ಎತ್ತರ 4. 1912ರಲ್ಲಿ ರಾಧಾಕುಮುದ ಮುಖರ್ಜಿಯವರು ಭಾರತೀಯ ನೌಕಾಯಾನದ ಚರಿತ್ರೆಯನ್ನು ಬರೆದು ಈ ಗ್ರಂಥವನ್ನು ಲೋಕದ ಮುಂದಿಟ್ಟರು. ಆದರೆ ಅಳತೆಯನ್ನು ಹೇಳಿದ ಮಾತ್ರಕ್ಕೆ ಪಂದ್ಯವನ್ನು ಹೇಳಿದಂತಾಗದು. ನಮ್ಮ ನಾಡಿನ ಅರಸನಾದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಟಗರು, ಕೋಳಿಗಳ ಕಾಳಗವೂ ಮೀನು ಹಿಡಿಯುವ ವಿನೋದವೂ ವಿಸ್ತಾರವಾಗಿ ಬಂದಿವೆ. ಕ್ರೀಡೆಗಳಲ್ಲಿ ಸೇಚನಕ್ರೀಡೆಯೂ ತೋಯಕ್ರೀಡೆಯೂ ಇವೆ. ಇವೆರಡೂ ನೀರೆರಚುವ, ನೀರಿನಲ್ಲಿ ಆಡುವ ವಿಲಾಸಗಳು. ಮಹಾಕಾವ್ಯಗಳ ಅಷ್ಟಾದಶವರ್ಣನೆಗಳಲ್ಲಿ ಬರುವ ಜಲಕ್ರೀಡೆಯ ಅರ್ಥವೂ ಇಷ್ಟೇ.

ಇದರಿಂದ ನಮ್ಮವರು ಹಾಯಿಯನ್ನೇ ಅರಿಯರೆಂದು ಯಾರೂ ಭಾವಿಸಬಾರದು. ಶಾತವಾಹನ ಯಜ್ಞಶ್ರೀಯ ನಾಣ್ಯಗಳಲ್ಲಿ ಎರಡು ಕಂಬದ ಹಡಗು ಇದೆ. ಅಜಂತೆಯ ಚಿತ್ರದಲ್ಲಿ ಹಾಯಿಗಳನ್ನೆತ್ತಿದ ಹಡಗು ಇದೆ. ನಮ್ಮ ಕರಾವಳಿಯ ಪತ್ತೆಮಾರಿಗಳು ಹಾಯಿಯಿಂದಲೇ ನಡೆದವು. ಕೇರಳದ ವಳ್ಳಂಕಳಿಯಂತಹ ಪಂದ್ಯಗಳೂ ಇವೆ. ಆದರೆ ಅವು ಹುಟ್ಟಿನ ಪಂದ್ಯಗಳು. ಹಾಯಿಯೂ ಇತ್ತು, ಪಂದ್ಯವೂ ಇತ್ತು. ಹಾಯಿಯ ಪಂದ್ಯಕ್ಕೆ ಮಾತ್ರ ನಾನು ನೋಡಿದ ಈ ಗ್ರಂಥಗಳಲ್ಲಿ ಆಧಾರವು ದೊರೆಯಲಿಲ್ಲ.

ಹಾಗಾದರೆ ಪರ್ವತಸರೋವರದ ಪಂದ್ಯವು ಬಂದದ್ದೆಲ್ಲಿಂದ? ಹಿಮಾಲಯದ ಕುಮಾವೂಂ ಪ್ರಾಂತದ ನೈನಿತಾಲವೇ ಇದಕ್ಕೆ ಉತ್ತಮ ನಿದರ್ಶನವು. ಸುಮಾರು 6,350 ಅಡಿ ಎತ್ತರದಲ್ಲಿರುವ ಈ ಸರೋವರವನ್ನು ಸ್ಕಾಂದದ ಮಾನಸಖಂಡದ ತ್ರಿಋಷಿಸರೋವರವೆಂದು ಗುರುತಿಸುವರು. 1841ರಲ್ಲಿ ಶಹಜಹಾನಪುರದ ಸಕ್ಕರೆ ವ್ಯಾಪಾರಿ ಬ್ಯಾರನ್ ಎಂಬವನು ಅಲ್ಲಿಗೆ ಹೋದನು. ಮರುವರ್ಷ ಒಂದು ದೋಣಿಯನ್ನು ಬೆಟ್ಟದ ಮೇಲಕ್ಕೆ ಹೊರಿಸಿದನು. ಆ ನೆಲಕ್ಕೆ ಹಕ್ಕುದಾರನಾಗಿದ್ದ ನರಸಿಂಗನೆಂಬವನನ್ನು ದೋಣಿಯಲ್ಲಿ ಕುಳ್ಳಿರಿಸಿ ನಡುನೀರಿಗೆ ಒಯ್ದು, ಹಕ್ಕನ್ನು ಬಿಟ್ಟುಕೊಟ್ಟು ರುಜು ಮಾಡದಿದ್ದರೆ ಮುಳುಗಿಸುವೆನೆಂದು ಬೆದರಿಸಿದನೆಂಬ ವೃತ್ತಾಂತವು ಪ್ರಸಿದ್ಧವಾಗಿದೆ. ಈಜು ಬಾರದ ನರಸಿಂಗನು ರುಜು ಮಾಡಿದನು. ಆ ಸರೋವರದ ನೌಕಾವಿಹಾರದ ಚರಿತ್ರೆಯು ಹೀಗೆ ಆರಂಭವಾಗುತ್ತದೆ. ಇದನ್ನು ನಮ್ಮ ಪ್ರಾಚೀನ ಜಲಕ್ರೀಡೆಯೆಂದು ಕರೆದರೆ ನರಸಿಂಗನಿಗೆ ಆದ ಅನ್ಯಾಯವನ್ನು ನಾವೇ ಮುಚ್ಚಿದಂತಾಗುವುದು.

ಮುಂದೆ 1910ರಲ್ಲಿ ಅಲ್ಲಿ ಹಾಯಿದೋಣಿಯ ಸಂಘವು ಸ್ಥಾಪಿತವಾಯಿತು. ಲಿಂಟನ್ ಹೋಪ್ ಎಂಬ ಶಿಲ್ಪಿಯು ರೂಪಿಸಿದ ‘ಹಾಫ್-ರೇಟರ್’ ದೋಣಿಗಳು ಬಂದವು. ಈ ಹೆಸರಿನಲ್ಲಿ ಒಂದು ಗಣಿತವಿದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದವೆಷ್ಟು ಅಡಿಯೋ ಅದನ್ನು ಹಾಯಿಯ ಚದರಡಿಗಳಿಂದ ಗುಣಿಸಿ 6,000ದಿಂದ ಭಾಗಿಸಬೇಕು. ಬಂದ ಲಬ್ಧವು ಅರ್ಧವಾದರೆ ಅದು ಹಾಫ್-ರೇಟರ್. 15 ಅಡಿಯ ದೋಣಿಗೆ 200 ಚದರಡಿ ಹಾಯಿ ಇದ್ದರೆ ಲೆಕ್ಕವು ಸರಿಹೋಗುತ್ತದೆ. ಅಳತೆಯಲ್ಲಿ ಸಮಾನರಾದವರನ್ನು ಎದುರೆದುರು ನಿಲ್ಲಿಸಿ, ಗೆಲುವನ್ನು ಕೇವಲ ಕೌಶಲಕ್ಕೆ ಬಿಡುವುದೇ ಇದರ ಉದ್ದೇಶವು. ಯುಕ್ತಿಕಲ್ಪತರುವಿನ ಅಳತೆಗೂ ಈ ಅಳತೆಗೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುವುದು.

ಪಂದ್ಯದ ಕ್ರಮವನ್ನೂ ಸಂಕ್ಷೇಪವಾಗಿ ಹೇಳುವೆನು. ಸಂಜ್ಞೆಯಾದೊಡನೆ ದೋಣಿಗಳು ಒಂದು ಕಲ್ಪಿತರೇಖೆಯನ್ನು ದಾಟಿ ಹೊರಡುವವು. ನೀರಿನ ಮೇಲೆ ತೇಲುವ ಗುರುತುಗಳನ್ನು ಸುತ್ತಿ ಮುಕ್ತಾಯದ ರೇಖೆಗೆ ಬರಬೇಕು. ಗಾಳಿ ಬರುವ ದಿಕ್ಕಿಗೆ ಯಾವ ಹಾಯಿದೋಣಿಯೂ ನೇರವಾಗಿ ಹೋಗಲಾರದು; ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹೊರಳುತ್ತ ಮೇಲೇರಬೇಕು. ಆಗ ಎರಡು ದೋಣಿಗಳು ಎದುರಾದರೆ, ಎಡಮಗ್ಗುಲಿನಿಂದ ಗಾಳಿ ಪಡೆದುದು ಬಲಮಗ್ಗುಲಿನಿಂದ ಪಡೆದುದಕ್ಕೆ ದಾರಿ ಬಿಡಬೇಕು. ಬೆಟ್ಟಗಳು ಸುತ್ತುವರಿದಿರುವಲ್ಲಿ ಗಾಳಿಯು ಕಣಿವೆಯಿಂದೊಮ್ಮೆ, ಶಿಖರದಿಂದೊಮ್ಮೆ ಥಟ್ಟನೆ ಬೀಸಿ ಥಟ್ಟನೆ ಅಡಗುತ್ತದೆ. ಆದುದರಿಂದ ಪರ್ವತಸರೋವರದ ಸ್ಪರ್ಧಾಳುವು ನೀರಿಗಿಂತ ಹೆಚ್ಚಾಗಿ ಗಾಳಿಯನ್ನು ಓದಬೇಕು.

ದಕ್ಷಿಣದಲ್ಲಿಯೂ ನೌಕಾವಿಹಾರವು ಇದೇ ದಾರಿಯಿಂದ ಬೆಟ್ಟವನ್ನೇರಿತು. ಉದಕಮಂಡಲದ ಸರೋವರವನ್ನು 1823–25ರಲ್ಲಿ ಕೊಯಮುತ್ತೂರಿನ ಕಲೆಕ್ಟರ್ ಸಲಿವನ್ನನೂ, ಕೊಡೈಕಾನಲ್ಲಿನದನ್ನು 1863ರಲ್ಲಿ ಮಧುರೆಯ ಕಲೆಕ್ಟರ್ ಲೆವಿಂಜನೂ ನಿರ್ಮಿಸಿದರು. ಆದರೆ ಆರಂಭವು ಪರರದೆಂದು ಕಲೆಯೂ ಪರರದಾಗಿ ಉಳಿಯಬೇಕಾಗಿಲ್ಲ. ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ನೆಲೆಸಿದ ಮದ್ರಾಸ್ ಸ್ಯಾಪರ್ಸ್ ಪಡೆಯವರು ಹಾಯಿಯ ವಿದ್ಯೆಯನ್ನು ಬೆಳೆಸಿದರು. 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಫೈರ್‌ಬಾಲ್ ಎಂಬ ಇಬ್ಬರ ದೋಣಿಯ ವರ್ಗದಲ್ಲಿ ತಾರಾಪೋರ್ ಮತ್ತು ಕರಂಜಿಯಾ ಅವರು ಸುವರ್ಣಪದಕವನ್ನು ಗಳಿಸಿದರು. 1985ರಿಂದ 1987ರ ವರೆಗೆ ಭೂಸೇನೆಯ ಎಂಜಿನಿಯರರು ‘ತೃಷ್ಣಾ’ ಎಂಬ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆ ಮಾಡಿ ಬಂದರು. ಇದು ಕಲಿತು ಗಳಿಸಿದ ಕೀರ್ತಿ; ಇದಕ್ಕೆ ಪುರಾಣದ ಆಸರೆಯು ಬೇಕಾಗಿಲ್ಲ.

ಇನ್ನು ನಮ್ಮ ಸೀಮೆಯ ಮಾತು. ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ ಗೋಕಾವಿಯಲ್ಲಿ 171 ಅಡಿ ಧುಮುಕುತ್ತಾಳೆ. ಅದಕ್ಕೆ ಮೇಲೆ ಧೂಪದಾಳದ ಒಡ್ಡನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೂ, ಹಿಡಕಲ್ಲಿನ ಅಣೆಕಟ್ಟನ್ನು 1977ಕ್ಕೂ ಕಟ್ಟಿ ಮುಗಿಸಿದರು. ಜಲವಿಸ್ತಾರವು ಉಂಟಾಯಿತು, ಆದರೆ ಅದು ಹೊಲಕ್ಕೆ ಹರಿಸುವ ನೀರು, ವಿಹಾರಕ್ಕಾಗಿ ನಿಲ್ಲಿಸಿದುದಲ್ಲ. ಇಲ್ಲಿಯ ನಾವೆಯ ಚರಿತ್ರೆಯು ದಾಟಿಸುವವರ ಚರಿತ್ರೆ. ಹನ್ನೆರಡನೆಯ ಶತಮಾನದ ಶರಣ ಚೌಡಯ್ಯನು ತನ್ನ ಕಾಯಕದ ಹೆಸರಿನಿಂದಲೇ ಅಂಬಿಗರ ಚೌಡಯ್ಯನೆಂದು ವಿಖ್ಯಾತನಾದನು. ನಾನು ಬಾಲ್ಯದಲ್ಲಿ ಪಾಠಶಾಲೆಗೆ ಹೋಗುವಾಗ ಮಳೆಗಾಲದಲ್ಲಿ ನಾವೆಯನ್ನು ಏರಬೇಕಾಗಿತ್ತು. ಒಂದು ದಿನ ಹುಲ್ಲಿನ ಹೊರೆಯನ್ನು ಹೊತ್ತು ದೂರದಿಂದ ಬರುತ್ತಿದ್ದ ಒಬ್ಬ ಮುದುಕಿಗಾಗಿ ಅಂಬಿಗನು ಕಾದು ನಿಂತನು. ಪಾಠ ತಪ್ಪುವುದೆಂದು ನಾನು ಗೊಣಗಿದೆನು. ಆತನು, “ದಂಡೀ ಮ್ಯಾಲ ಒಬ್ರು ಉಳದ್ರೂ ನಾವಿ ಹೊಂಟಂಗಲ್ಲ, ತಮ್ಮಾ,” ಎಂದನು.

ಪಂದ್ಯದ ದೋಣಿಗೆ ಇತರರಿಗಿಂತ ಮುಂಚೆ ಮುಟ್ಟುವುದು ಧರ್ಮವು. ನಮ್ಮ ನಾವೆಗೆ ಎಲ್ಲರನ್ನೂ ಮುಟ್ಟಿಸುವುದು ಧರ್ಮವು. ಎರಡೂ ಮನ್ನಣೆಗೆ ಯೋಗ್ಯವೇ. ಒಂದನ್ನು ಇನ್ನೊಂದೆಂದು ಹೇಳುವುದು ಮಾತ್ರ ಸಂಶೋಧನೆಯಲ್ಲ. ಇಲ್ಲದ ಪಂದ್ಯಕ್ಕೆ ಪ್ರಮಾಣಗಳನ್ನು ಹುಡುಕುವ ಶ್ರಮದಲ್ಲಿ ಒಂದು ಪಾಲನ್ನು ನಮ್ಮ ಹೊಳೆಸಾಲಿನ ಕಡವುಗಳ, ಅಂಬಿಗ ಮನೆತನಗಳ, ಆತರದ ದರಗಳ ಸಂಗ್ರಹಕ್ಕೆ ವೆಚ್ಚ ಮಾಡಿದರೆ ಚರಿತ್ರೆಗೆ ಉಪಕಾರವಾದೀತು. ಸೇತುವೆಗಳಾದ ಮೇಲೆ ಆ ನೆನಪುಗಳು ವೃದ್ಧರಲ್ಲಿ ಮಾತ್ರ ಉಳಿದಿವೆ. ಹಾಯಿಯ ಪಂದ್ಯಕ್ಕೆ ಪ್ರಾಚೀನಗ್ರಂಥಗಳಲ್ಲಿ ಬೇರೆ ಆಧಾರವು ವಿದ್ವಾಂಸರಿಗೆ ದೊರೆತಲ್ಲಿ ದಯವಿಟ್ಟು ತಿಳಿಸಬೇಕು. ನನ್ನ ಅಭಿಪ್ರಾಯವನ್ನು ಸಂತೋಷದಿಂದ ತಿದ್ದಿಕೊಳ್ಳುವೆನು.