ಕೈ ಅಡ್ಡ ಹಾಕುವ ಪೊಲೀಸ್, ಕ್ಲಿಕ್ಕಿಸುವ ಕ್ಯಾಮೆರಾ

2021ರ ಮಾರ್ಚ್ 22ರಂದು ಮೈಸೂರಿನ ಹಿನಕಲ್ ಬಳಿ, ರಿಂಗ್ ರಸ್ತೆಯಲ್ಲಿ ಸಂಚಾರ ಪೊಲೀಸರ ತಪಾಸಣೆ ನಡೆದಿದ್ದಾಗ ಬೈಕ್ ಸವಾರರೊಬ್ಬರು ಸತ್ತರು. ಪೊಲೀಸರು ಅಡ್ಡಗಟ್ಟಲು ಹೋದದ್ದೇ ಕಾರಣವೆಂದು ರೊಚ್ಚಿಗೆದ್ದ ಜನ ಸಿಬ್ಬಂದಿಯನ್ನು ಥಳಿಸಿ, ಪೊಲೀಸ್ ವಾಹನವನ್ನು ಉರುಳಿಸಿದರು. ಪೊಲೀಸರು ಆ ಆರೋಪವನ್ನು ಒಪ್ಪಲಿಲ್ಲ. ದಂಡದ ರಸೀದಿಗಾಗಿ ಓಡುವ ಗಾಡಿಗೆ ಕೈ ಅಡ್ಡ ಹಾಕಬೇಕೆ ಎಂಬ ಪ್ರಶ್ನೆ ಮಾತ್ರ ಊರಿಡೀ ಹಬ್ಬಿತು.

ಆಗ ರಾಜ್ಯದ ಪೊಲೀಸ್ ಮಹಾನಿರ್ದೇಶಕರಾಗಿದ್ದವರು ಪ್ರವೀಣ್ ಸೂದ್. ಹಿಂದೆ ಮೈಸೂರಿನ ಪೊಲೀಸ್ ಆಯುಕ್ತರಾಗಿದ್ದ ಅವರೇ, ಆಮೇಲೆ ಬೆಂಗಳೂರಿನ ಸಂಚಾರ ವಿಭಾಗಕ್ಕೆ ಹೋಗಿ ನಿಯಂತ್ರಣ ಕೊಠಡಿ, ಕ್ಯಾಮೆರಾ, ಕೈಯಲ್ಲಿ ಹಿಡಿಯುವ ದಂಡದ ಯಂತ್ರಗಳಿಗೆ ಒತ್ತು ಕೊಟ್ಟವರು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಿಗೆ ಕೆಂಪು ದೀಪ ದಾಟಿದವರನ್ನು ತಾನೇ ಹಿಡಿಯುವ ವ್ಯವಸ್ಥೆ ಬಂತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲೂ, ಗಂಟೆಗೆ 100 ಕಿ.ಮೀ. ಮೀರಿದವರ ಮೇಲೆ ಈಗ ಕ್ಯಾಮೆರಾ ಕಣ್ಣಿದೆ.

ವೇಗ ಹಿಡಿಯುವ ಈ ಕ್ಯಾಮೆರಾದ ಮೂಲ ತಮಾಷೆಯಾಗಿದೆ. ಡಚ್ ರ‍್ಯಾಲಿ ಚಾಲಕ ಮೌರಿಸ್ ಗಾಟ್ಸೊನಿಡಿಸ್ ತಿರುವಿನಲ್ಲಿ ತನ್ನ ಕಾರು ಇನ್ನೂ ಜೋರಾಗಿ ಓಡಲೆಂದು ವೇಗ ಅಳೆಯುವ ಸಾಧನ ಮಾಡಿಕೊಂಡ. ಕೊನೆಗೆ ಅದು ಜೋರಾಗಿ ಓಡಿಸುವವರನ್ನೇ ಹಿಡಿಯಿತು!

ಕ್ಯಾಮೆರಾ ಚೌಕಾಸಿ ಮಾಡುವುದಿಲ್ಲ, ಲಂಚ ಕೇಳುವುದಿಲ್ಲ, ಸವಾರನ ಮುಂದೆ ಹಾರಿ ನಿಲ್ಲುವುದೂ ಇಲ್ಲ. ಆದರೆ ಅದಕ್ಕೆ ಕಾಣುವುದು ನಂಬರ್ ಪ್ಲೇಟ್. ಗಾಡಿ ಓಡಿಸಿದ್ದು ಮಗನೋ ಗೆಳೆಯನೋ, ದಂಡ ಬರುವುದು ಮಾಲೀಕನ ಹೆಸರಿಗೆ. ಕ್ಯಾಮೆರಾ ದಂಡಕ್ಕೆ 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ 167ಎ ತಂದಿತು: ಕ್ಯಾಮೆರಾ ಇರುವ ಕಡೆ ಎಚ್ಚರಿಕೆ ಫಲಕ ಇರಬೇಕು, ತಪ್ಪಾದ 15 ದಿನದೊಳಗೆ ನೋಟಿಸ್ ಹೋಗಬೇಕು.

ದಂಡದ ಬಾಕಿ ಮಾತ್ರ ಬೆಳೆಯುತ್ತಲೇ ಹೋಯಿತು. 2023ರ ಫೆಬ್ರುವರಿ 3ರಿಂದ 11ರವರೆಗೆ ರಾಜ್ಯ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕಟ್ಟಿದರು. ಬೆಂಗಳೂರೊಂದರಲ್ಲೇ ನೂರು ಕೋಟಿ ಮೀರಿ ಸಂಗ್ರಹವಾಯಿತು. ಆಮೇಲೆ ಅದೇ ರಿಯಾಯಿತಿ ಮತ್ತೆ ಮತ್ತೆ ಬಂತು. ಕಾದರೆ ಅರ್ಧ ಉಳಿಯುತ್ತದೆ ಎಂಬ ಪಾಠ ಕಲಿಸಿದ್ದು ಸರ್ಕಾರವೇ. ಕ್ಯಾಮೆರಾದ ಬಿಸಿ ಆರಿಸಿದ್ದು ಅದರ ವಿರೋಧಿಗಳಿಗಿಂತ ಹೆಚ್ಚಾಗಿ ಈ ರಿಯಾಯಿತಿ.

ನಿಮ್ಮ ಗಾಡಿ ಕೆಎ-09 ಇರಲಿ, ಕೆಎ-55 ಇರಲಿ, ದಂಡದ ಸುದ್ದಿ ತಲುಪಲು ಆರ್‌ಟಿಒ ದಾಖಲೆಯಲ್ಲಿ ಮೊಬೈಲ್ ನಂಬರ್ ಸರಿಯಿದೆಯೇ ನೋಡಿಕೊಳ್ಳಿ. ಹಳೇ ಗಾಡಿ ಕೊಳ್ಳುವವರು ಅದರ ಮೇಲಿನ ಬಾಕಿ ದಂಡ ವಿಚಾರಿಸಿಯೇ ಮುಂಗಡ ಕೊಡಿ.